ಹುತಾತ್ಮ, ರಕ್ತಸಾಕ್ಷಿ: ಆನ್ ಆಸ್ಕ್ಯೂಗೆ ಯಾವ ಪದ ಹೊಂದುತ್ತದೆ?

ಎಲ್ಲರಿಗೂ ನಮಸ್ಕಾರ.

16ನೇ ಶತಮಾನದಲ್ಲಿ ಪ್ರಾಟೆಸ್ಟಂಟ್ ನಂಬಿಕೆಗಾಗಿ, ಅಂದರೆ ರೋಮಿನ ಕ್ಯಾಥೊಲಿಕ್ ಸಭೆಯಿಂದ ಬೇರೆಯಾದ ಕ್ರೈಸ್ತರ ನಂಬಿಕೆಗಾಗಿ, ಸತ್ತವರ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಅವರನ್ನು ಇಂಗ್ಲಿಷಿನಲ್ಲಿ ಮಾರ್ಟರ್ ಅನ್ನುತ್ತಾರೆ. ಕನ್ನಡದಲ್ಲಿ ಏನನ್ನೋಣ?

ಮೊದಲು ನೆನಪಾಗುವುದು ಹುತಾತ್ಮ. ಜನವರಿ 30 ನಮಗೆ ಹುತಾತ್ಮರ ದಿನ. ಗಡಿಯಲ್ಲಿ ಮಡಿದ ಯೋಧರಿಗೂ ಪತ್ರಿಕೆಗಳು ಇದನ್ನೇ ಬಳಸುತ್ತವೆ. ಹುತ ಅಂದರೆ ಹೋಮದ ಬೆಂಕಿಗೆ ಹಾಕಿದ್ದು. ಆಹುತಿಯೂ ಅದೇ ಬೇರಿನದು. ಬೆಂಕಿಯಲ್ಲಿ ಸತ್ತವರಿಗೆ ಹೇಳಿ ಮಾಡಿಸಿದ ಪದ ಅನ್ನಿಸುತ್ತದೆ, ಅಲ್ವಾ? ನನಗೆ ತೊಡಕಾಗಿರುವುದು ಅಲ್ಲೇ. ಆಹುತಿ ಅಂದ ಕೂಡಲೇ ಬೆಂಕಿ ಪವಿತ್ರವಾಗಿಬಿಡುತ್ತದೆ. ಇಲ್ಲಿ ಅದನ್ನು ಹಚ್ಚಿಸಿದ್ದು ಆಳುವವರು, ಶಿಕ್ಷೆ ಅಂತ.

ಇಂಗ್ಲೆಂಡಿನ ಪ್ರಾಟೆಸ್ಟಂಟ್ ಹೆಂಗಸು ಆನ್ ಆಸ್ಕ್ಯೂ ಅವರನ್ನೇ ನೋಡಿ. ಚರ್ಚಿನ ಪೂಜೆಯಲ್ಲಿ ಕೊಡುವ ರೊಟ್ಟಿ ನಿಜವಾಗಿ ಕ್ರಿಸ್ತನ ದೇಹವಾಗುತ್ತದೆ ಎಂಬುದನ್ನು ಅವರು ಒಪ್ಪಲಿಲ್ಲ. ಲಂಡನ್ ಟವರಿನಲ್ಲಿ ಕೈಕಾಲು ಎಳೆಯುವ ಯಂತ್ರಕ್ಕೆ ಕಟ್ಟಿ, ಜೊತೆಗಾರರ ಹೆಸರು ಹೇಳು ಅಂತ ಹಿಂಸಿಸಿದರು. ಅವರು ಹೇಳಲಿಲ್ಲ. ನಡೆಯಲಾಗದೆ ಹೋದ ಅವರನ್ನು ಕುರ್ಚಿಯಲ್ಲಿ ಹೊತ್ತು ತಂದು, 1546ರ ಜುಲೈ 16ರಂದು ಸ್ಮಿತ್‌ಫೀಲ್ಡ್‌ನಲ್ಲಿ ಸುಟ್ಟರು. ತಮಗೆ ಕೇಳಿದ ಪ್ರಶ್ನೆ, ತಾವು ಕೊಟ್ಟ ಉತ್ತರ ಎರಡನ್ನೂ ಅವರೇ ಬರೆದಿಟ್ಟಿದ್ದಾರೆ. ಓದಿದರೆ ಎದೆ ನಡುಗುತ್ತದೆ. ಇಷ್ಟು ಚೆನ್ನಾಗಿ ಮಾತಾಡಿದ ಹೆಂಗಸನ್ನು ಸುಮ್ನೆ ಆಹುತಿ ಅನ್ನಲು ನನಗೆ ಮನಸ್ಸಿಲ್ಲ.

ಕ್ರೈಸ್ತ ಬರಹಗಳಲ್ಲಿ ರಕ್ತಸಾಕ್ಷಿ ಎಂಬ ಪದವಿದೆ. ಗ್ರೀಕಿನ ಮೂಲಪದಕ್ಕೂ ಸಾಕ್ಷಿ ಎಂದೇ ಅರ್ಥ. ಅರಬ್ಬಿಯ ಶಹೀದ್ ಪದದ ಬೇರೂ ಸಾಕ್ಷಿ ಹೇಳುವುದೇ. ಆರೋಪಿಯಾಗಿ ನಿಂತವರನ್ನೇ ಸಾಕ್ಷಿ ಎಂದು ಕರೆಯುವುದು ನನಗೆ ತುಂಬಾ ಹಿಡಿಸಿತು. ಆದರೆ ಕ್ರೈಸ್ತರಲ್ಲದ ಓದುಗರಿಗೆ ಇದು ತಿಳಿಯುತ್ತದೆಯೇ?

ಇನ್ನೊಂದು ತೊಡಕು ಫೆಲಿಕ್ಸ್ ಮಾಂಟ್ಸ್ ಅವರದು. ದೊಡ್ಡವರಿಗೆ ಮತ್ತೆ ದೀಕ್ಷಾಸ್ನಾನ (ಬ್ಯಾಪ್ಟಿಸಮ್) ಕೊಡುವ ಪಂಗಡದವರು. 1527ರ ಜನವರಿ 5ರಂದು ಜೂರಿಕ್‌ನಲ್ಲಿ ಅವರನ್ನು ಲಿಮ್ಮಾಟ್ ನದಿಯಲ್ಲಿ ಮುಳುಗಿಸಿ ಕೊಂದರು. ಕೊಂದವರು ಪ್ರಾಟೆಸ್ಟಂಟರೇ. ಅಲ್ಲಿ ಬೆಂಕಿಯೂ ಇಲ್ಲ, ರಕ್ತವೂ ಇಲ್ಲ. ಹಾಗೆ ನೋಡಿದರೆ ಎರಡೂ ಪದ ಸೋಲುತ್ತವೆ. ಆದರೆ ಪದದ ಬೇರನ್ನು ಇಷ್ಟು ಹಿಡಿದು ಎಳೆಯಬಾರದು ಅಂತ ನನ್ನ ಅನಿಸಿಕೆ. ಸಾಕ್ಷಿ ಉಳಿದರೆ ಸಾಕು. ಹಾಗಾಗಿ ರಕ್ತಸಾಕ್ಷಿಯ ಕಡೆಗೇ ವಾಲುತ್ತಿದ್ದೇನೆ.

ಹಾಗೆಯೇ, 'ಚಿತೆ ಏರಿದರು' ಎಂದು ಬರೆಯುವುದು ನನಗೆ ಸರಿಕಾಣದು. ಚಿತೆ ಹೆಣಕ್ಕೆ. 1555ರ ಅಕ್ಟೋಬರ್ 16ರಂದು ಆಕ್ಸ್‌ಫರ್ಡ್‌ನಲ್ಲಿ ಪ್ರಾಟೆಸ್ಟಂಟ್ ಬಿಷಪ್ಪರಾಗಿದ್ದ ಲ್ಯಾಟಿಮರ್, ರಿಡ್ಲಿ ಇಬ್ಬರನ್ನೂ ಜೀವಂತ ಕಂಬಕ್ಕೆ ಕಟ್ಟಿ ಸುಟ್ಟರು. ಹಾಗೇ ಬರೆದರೆ ಆಗದೇ?

ಕಡೆಯದು ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಆಗಿದ್ದ ಪ್ರಾಟೆಸ್ಟಂಟ್ ಕ್ರ್ಯಾನ್ಮರ್ ವಿಷಯ. ಜೀವಭಯದಲ್ಲಿ ತಮ್ಮ ನಂಬಿಕೆ ತಪ್ಪೆಂದು ಪತ್ರಗಳಿಗೆ ಸಹಿ ಹಾಕಿದರು. 1556ರ ಮಾರ್ಚ್ 21ರಂದು, ಸಾಯುವ ದಿನ, ಅದನ್ನೆಲ್ಲ ತಳ್ಳಿಹಾಕಿ, ಸಹಿ ಮಾಡಿದ ಬಲಗೈಯನ್ನೇ ಮೊದಲು ಬೆಂಕಿಗೆ ಹಿಡಿದರು. ಮೊದಲು ಅವರು ಮಾಡಿದ ಕೆಲಸಕ್ಕೆ ಏನನ್ನುವುದು? ತಪ್ಪೊಪ್ಪಿಗೆ ಅಂದರೆ ನಿಜಕ್ಕೂ ತಪ್ಪು ಮಾಡಿದ್ದರು ಎಂದಾಗುತ್ತದೆ. 'ನಂಬಿಕೆ ಬಿಟ್ಟುಕೊಟ್ಟರು' ಅಂದರೆ ಮನಸ್ಸೂ ಬದಲಾಯಿತು ಅನ್ನಿಸುತ್ತದೆ. ಬಾಯಲ್ಲಿ ಮಾತ್ರ ಬಿಟ್ಟುಕೊಡುವುದಕ್ಕೆ ನಿಮ್ಮ ಕಡೆ ಯಾವುದಾದರೂ ಮಾತಿದೆಯೇ? ಹಳ್ಳಿಯ ಆಡುಮಾತಾದರೂ ಸರಿ, ತಿಳಿಸಿ.