ಏರೇಟರ್ ಹಾಕಿದ ಮೇಲೆ ಮೇಲಿನ ಮನೆಗೆ ನೀರು ಸಣ್ಣಗೆ

ಪ್ರಶ್ನೆ: ಬೆಂಗಳೂರಲ್ಲಿ ನಾಲ್ಕು ಮಹಡಿಯ ಅಪಾರ್ಟ್‌ಮೆಂಟ್, ಕಾವೇರಿ ಜೊತೆ ಬೋರ್ ನೀರು. ಎಲ್ಲ ನಲ್ಲಿಗೂ ನಿಮಿಷಕ್ಕೆ 3 ಲೀಟರ್‌ನ ಏರೇಟರ್ (ನಲ್ಲಿ ಬಾಯಿಗೆ ಕೂರಿಸೋ, ನೀರಿಗೆ ಗಾಳಿ ಬೆರೆಸಿ ಹರಿವು ತಗ್ಗಿಸೋ ಜಾಲರಿ) ಹಾಕಿದ್ದೇವೆ. ಕೆಳಗೆ ಸರಿಯಿದೆ, ಮೇಲ್ಗಡೆ ನೂಲಿನ ಹಾಗೆ ಬರುತ್ತೆ. ಯಾಕೆ?

ಉತ್ತರ 1: ಮಾಳಿಗೆ ಮೇಲಿನ ಟ್ಯಾಂಕು, ನಲ್ಲಿಗಿಂತ 10 ಮೀಟರ್ ಎತ್ತರವಿದ್ದರೆ ಸುಮಾರು 1 ಬಾರ್ ಒತ್ತಡ. ಮೇಲಿನ ಮನೆಗೆ 3 ಮೀಟರ್ ಅಂದ್ರೆ 0.3 ಬಾರ್ ಅಷ್ಟೇ. ಅಲ್ಲಿಗೆ ಕಡಿಮೆ ಒತ್ತಡದ ಏರೇಟರ್ರೇ ಬೇಕು.

ಉತ್ತರ 2: ಮೊದಲು ಜಾಲರಿ ಬಿಚ್ಚಿ ನೋಡಿ ಸಾರ್, ಬೋರ್ ನೀರಿನ ಸುಣ್ಣ ಕಟ್ಟಿರಬಹುದು. ವಿನಿಗರ್‌ನಲ್ಲಿ ಅರ್ಧ ಗಂಟೆ ನೆನೆಸಿ, ಹಳೇ ಬ್ರಷ್‌ನಲ್ಲಿ ಉಜ್ಜಿ. ವಾಷರ್ ಸರಿಯಾಗಿ ಕೂರದಿದ್ದರೆ ಪಕ್ಕದಿಂದ ಸೋರುತ್ತೆ. ಅಂದಹಾಗೆ, ಬಕೆಟ್ ತುಂಬೋ ನಲ್ಲಿಗೆ ಏರೇಟರ್ ಹಾಕೋದು ವ್ಯರ್ಥ. ನೀರು ಅಷ್ಟೇ, ಹೊತ್ತು ಜಾಸ್ತಿ.

ಪ್ರಶ್ನೆ: ನಲ್ಲಿಯ ಹರಿವು ಅಳೆಯೋದು ಹೇಗೆ?

ಉತ್ತರ 1: ಒಂದು ಲೀಟರ್ ಬಾಟಲಿ ಹಿಡೀರಿ. 20 ಸೆಕೆಂಡಿಗೆ ತುಂಬಿದರೆ ನಿಮಿಷಕ್ಕೆ 3 ಲೀಟರ್.