ಬೋನಾಳದ ಹೆಬ್ಬಾತು: ಫೋಟೊ ಮಸಕು ಬರ್ತಾವ, ಬೆಳ್ಳಕ್ಕಿ ಸುಣ್ಣ ಬಳದಂಗ ಕಾಣ್ತಾವ

ಶಹಾಪುರದಾಕಿ:
ಎಲ್ಲರಿಗೂ ನಮಸ್ಕಾರ್ರಿ. ಹೋದ ಐತವಾರ ಬೋನಾಳ ಪಕ್ಷಿಧಾಮಕ್ಕ ಹೋಗಿದ್ದೆ. ಪಟ್ಟೆತಲೆ ಹೆಬ್ಬಾತು ಬಂದಾವ, ಕಣ್ತುಂಬ ನೋಡ್ದೆ. ಫೋಟೊ ಮಾತ್ರ ಒಂದೂ ಸರಿ ಬಂದಿಲ್ಲ. ದೂರದ್ದು ತೆಗೆಯೋ 150–600 ಎಂಎಂ ಲೆನ್ಸ್ ಬಾಡಿಗಿಗೆ ತಂದಿದ್ದೆ. ಬೆಳ್ಳಕ್ಕಿ ಮೈಮ್ಯಾಲ ಪುಕ್ಕದ ಗೆರಿ ಒಂದೂ ಇಲ್ಲ, ಹೆಬ್ಬಾತು ನೀರಾಗ ಕಲಸಿದಂಗ ಅವ. ಹತ್ತರ ಹೋದ್ರ ಹಾರ್ತಾವ. ನಮ್ಮೂರ ಕೆರಿ ದಂಡಿಗೆ ಬಟ್ಟಿ ಹೈಡ್ (ಹಕ್ಕಿಗೆ ಕಾಣದಂಗ ಅಡಗಿ ಕುಂದರೋ ಗುಡಾರ) ಹಾಕ್ಕೊಂಡು ಕಲೀಬೇಕಂತ ಮಾಡೀನಿ. ಯಾವ ಕಡಿ ಕುಂದರ್ಬೇಕು, ಎಷ್ಟೊತ್ತಿಗೆ?

ಸುರಪುರ ಮಾಸ್ತರ:
ಅಕ್ಕಾರ, ನೀವು ಎಷ್ಟೊತ್ತಿಗೆ ತೆಗೆದ ಫೋಟೊ ಅಂತ ಹೇಳಿಲ್ಲ, ಆದ್ರ ಹತ್ತು ಗಂಟಿ ಮ್ಯಾಲಿನವು ಇರಬೇಕು. ನಮ್ಮ ಕಡಿ ಬಿಸಲಿಗೆ ನೀರಿನ ಮ್ಯಾಲ ಗಾಳಿ ಕುದಿಲಾಕ ಹತ್ತತದ. ಆವಾಗ ಎಂಥಾ ಲೆನ್ಸ್ ಇದ್ರೂ ದೂರದ ಹಕ್ಕಿ ಮಸಕೇ. ಲೆನ್ಸಿನ ತಪ್ಪಲ್ಲ.

ಡಿಸೆಂಬರನಾಗ ಸೂರ್ಯ ಆಗ್ನೇಯಕ್ಕ ವಾಲಿ ಹುಟ್ತಾನ. ಅದೇ ದಂಡಿಗೆ ಕುಂದರ್ರಿ, ಬೆಳಕು ನಿಮ್ಮ ಬೆನ್ನಿಗೆ ಬೀಳ್ತದ. ಹೈಡ್ ಹಿಂದಿನ ದಿನ ಸಂಜಿಗೇ ಹಾಕಿ ಬಿಟ್ಟು ಬರ್ರಿ, ಹಕ್ಕಿಗೆ ರೂಢಿ ಆಗ್ಲಿ. ಮುಂಜಾನೆ ಕತ್ತಲಿದ್ದಾಗೇ ಒಳಗ ಹೋಗ್ರಿ. ಟ್ರೈಪಾಡ್ ಬ್ಯಾಡ. ನಾ ಹಳೇ ಪ್ಯಾಂಟಿನ ಕಾಲು ಕತ್ತರಿಸಿ ಚೀಲ ಹೊಲಿಸಿ, ಎರಡು ಕಿಲೊ ತೊಗರಿ ತುಂಬೀನಿ. ನೆಲಕ್ಕಿಟ್ಟು ಮ್ಯಾಲ ಲೆನ್ಸ್ ಒತ್ತಿದ್ರ ಅಲುಗಾಡಲ್ಲ, ಹಕ್ಕಿ ಕಣ್ಣಿನ ಮಟ್ಟಕ್ಕ ಫೋಟೊ ಸಿಗ್ತದ.

ಬೆಳ್ಳಕ್ಕಿ ಸುಟ್ಟು ಬರೀ ಬಿಳಿ ಆಗೋದು ಯಾಕಂದ್ರ, ಫ್ರೇಮಿನ ತುಂಬ ಕಪ್ಪು ನೀರು ಇದ್ರ ಕ್ಯಾಮೆರಾದಾಗ ಬೆಳಕು ಅಳಿಯೋ ಮೀಟರ್ ಅದನ್ನ ಬೆಳಗ ಮಾಡ್ಲಾಕ ಹೋಗ್ತದ. ಎಕ್ಸ್‌ಪೋಷರ್ ಕಾಂಪನ್ಸೇಶನ್ (ಫೋಟೊದ ಬೆಳಕು ಏರಿಸೋ ಇಳಿಸೋ ಸೆಟ್ಟಿಂಗ್) ಮೈನಸ್ ಒಂದರಿಂದ ಶುರು ಮಾಡ್ರಿ. ಸುಟ್ಟ ಜಾಗ ಮಿಣುಕಿಸಿ ತೋರ್ಸೋ ಹೈಲೈಟ್ ವಾರ್ನಿಂಗ್ ಹಚ್ಚಿ ಇಡ್ರಿ, ಹಕ್ಕಿ ಎದಿ ಮ್ಯಾಲ ಮಿಣಮಿಣ ಅಂದ್ರ ಇನ್ನಷ್ಟು ಇಳಸ್ರಿ. ಹಾರೋ ಹಕ್ಕಿಗೆ ಶಟರ್ ವೇಗ 1/2000 ಸೆಕೆಂಡ್ ಬೇಕು.

ಒಂದು ಮಾತು ಎಲ್ಲಕ್ಕಿಂತ ಮುಖ್ಯ. ಮೊದಲ ವರ್ಷ ನಾ ಎಂಟು ಗಂಟಿಗೆ ಕಾಲು ಜುಮ್ ಹಿಡೀತಂತ ಹೈಡಿನಿಂದ ಸಟ್ಟನೆ ಎದ್ದು ಹೊರಗ ಬಂದೆ. ಹೆಬ್ಬಾತಿನ ಪೂರಾ ಗುಂಪು ಎದ್ದು ಹೋತು, ಅವತ್ತು ತಿರುಗಿ ಬರಲೇ ಇಲ್ಲ. ಇವು ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರೋ ಜೀವ. 7,000 ಮೀಟರಿಗಿಂತ ಎತ್ತರದಾಗ ಹಾರಿದ್ದು ದಾಖಲಾಗ್ಯದ. ಅಷ್ಟು ದೂರ ಬಂದು ಕುಂತದ್ದನ್ನ ನಾ ಎಬ್ಬಿಸಿದೆ ಅಂತ ಇವತ್ತಿಗೂ ಸಂಕಟ ಆಗ್ತದ.

ಸೇಡಂ ಹುಡುಗ:
ಮಾಸ್ತರ್ರು ಹೇಳಿದ್ದು ಖರೇ. ನಾವಂತೂ ಇಬ್ಬರು ಕೂಡಿ ಹೋಗ್ತೀವಿ, ಒಬ್ಬ ಒಳಗ ಕುಂತ ಮ್ಯಾಲ ಇನ್ನೊಬ್ಬ ಎದ್ದು ದೂರ ನಡದು ಹೋಗ್ತಾನ. ಹೈಡ್ ಖಾಲಿ ಆತಂತ ತಿಳಿದು ಹಕ್ಕಿ ಬ್ಯಾಗ ಸಮಾಧಾನ ಆಗ್ತಾವ. ಬೋನಾಳದ ಒಳಗ ಮಾತ್ರ ಅರಣ್ಯ ಇಲಾಖೆ ಅನುಮತಿ ಇಲ್ಲದ ಹೈಡ್ ಹಾಕಬ್ಯಾಡ್ರಿ.

ಶಹಾಪುರದಾಕಿ:
ಮಾಸ್ತರ್ರ, ಹನ್ನೊಂದು ಗಂಟೀವೇ ಫೋಟೊ! ತೊಗರಿ ಮನ್ಯಾಗ ಅದ, ಚೀಲ ಇವತ್ತೇ ಹೊಲಿತೀನಿ. ತಮ್ಮನ್ನ ಕರ್ಕೊಂಡು ಹೋಗ್ತೀನಿ, ಆತ ಎದ್ದು ನಡೀಲಿ. ಹೆಬ್ಬಾತು ತಾವೇ ಎದ್ದು ಹೋಗೋತನಕ ನಾ ಹೊರಗ ಬರಲ್ಲ.