ಬಾಡಿಗೆ ‘ಕಾಲ್ಟ್’ ಅಂದರೆ ಮನೆ ತಣ್ಣಗಿರುತ್ತಾ? ಜರ್ಮನಿಯ ಮೊದಲ ಮನೆ: ಪ್ರಶ್ನೋತ್ತರ

ಎಲ್ಲರಿಗೂ ನಮಸ್ಕಾರ. ನಾನು ಸ್ಟುಟ್‌ಗಾರ್ಟ್‌ನಲ್ಲಿ ಒಂದು ಹೌಸ್‌ಫೆರ್ವಾಲ್ಟುಂಗ್‌ನಲ್ಲಿ ಕೆಲಸ ಮಾಡುತ್ತೇನೆ. ಮಾಲೀಕರ ಪರವಾಗಿ ಬಾಡಿಗೆ ಮನೆಗಳನ್ನು ನೋಡಿಕೊಳ್ಳುವ ಆಫೀಸು ಅದು. ಅರ್ಜಿ ತೆಗೆದು ನೋಡುವುದು, ಮನೆ ತೋರಿಸುವುದು, ಕೀ ಕೊಡುವುದು, ಬಿಟ್ಟು ಹೋಗುವಾಗ ಗೋಡೆ ನೋಡುವುದು, ಇದೇ ನನ್ನ ದಿನದ ಕೆಲಸ. ಇಲ್ಲಿಗೆ ಹೊಸದಾಗಿ ಬರುವವರು ಜಾಸ್ತಿ ಆಗಿದ್ದಾರೆ, ಒಂದು ಸಂಜೆ ಕೂತು ಉತ್ತರ ಕೊಡಿ ಅಂತ ಗುಂಪಿನ ಅಡ್ಮಿನ್ ಕೇಳಿದರು. ಕೇಳಿ.

ಹಾಸನದಿಂದ (ಮುಂದಿನ ತಿಂಗಳು ಮ್ಯೂನಿಕ್‌ಗೆ): ಮೇಡಂ, ಇಲ್ಲಿಂದಲೇ ಮನೆ ಗೊತ್ತು ಮಾಡಿಕೊಂಡು ಹೊರಡೋಣ ಅಂತ ಹುಡುಕುತ್ತಿದ್ದೆ. ಒಂದು ಸಿಕ್ಕಿದೆ. ಎರಡು ರೂಮು, ಊರ ನಡುವೆ, ಫರ್ನಿಚರ್ ಎಲ್ಲ ಇದೆ, ತಿಂಗಳಿಗೆ 750 ಯೂರೋ. ಓನರ್ ಕೆಲಸದ ಮೇಲೆ ಲಂಡನ್‌ನಲ್ಲಿ ಇದ್ದಾರಂತೆ. ಎರಡು ತಿಂಗಳ ಡಿಪಾಸಿಟ್ ಹಾಕಿದರೆ ಕೀ ಕೊರಿಯರ್ ಮಾಡುತ್ತಾರಂತೆ. ಮನೆ ಇಷ್ಟವಾಗದಿದ್ದರೆ ಹಣ ವಾಪಸ್. ಅವರ ಪಾಸ್‌ಪೋರ್ಟ್ ಕಾಪಿ ಕೂಡ ಕಳಿಸಿದ್ದಾರೆ. ಹಾಕಬಹುದಾ?

ಉತ್ತರ: ಹಾಕಬೇಡಿ. ಒಂದು ಪೈಸೆ ಕೂಡ.

ಮ್ಯೂನಿಕ್ ಈ ದೇಶದಲ್ಲೇ ಬಾಡಿಗೆ ಅತಿ ದುಬಾರಿಯಾಗಿರುವ ಊರು. ಅಲ್ಲಿ ಊರ ನಡುವೆ, ಸಾಮಾನು ಸಮೇತ, ಎರಡು ರೂಮು 750ಕ್ಕೆ ಸಿಗುವುದಿಲ್ಲ. ಸಿಕ್ಕರೂ ಅದು ಹಾಸನದವರೆಗೆ ಬರುವುದಿಲ್ಲ, ಅಲ್ಲೇ ಮೆಟ್ಟಿಲ ಮೇಲೆ ಕ್ಯೂ ನಿಂತಿರುತ್ತದೆ. ‘ನಾನು ಬೇರೆ ದೇಶದಲ್ಲಿದ್ದೇನೆ, ಮನೆ ತೋರಿಸಲು ಯಾರೂ ಇಲ್ಲ, ಹಣ ಬಂದರೆ ಕೀ ಕಳಿಸುತ್ತೇನೆ’ ಎನ್ನುವುದು ಬಹಳ ಹಳೇ ಮೋಸ. ಊರು ಬದಲಾಗುತ್ತದೆ, ಕತೆ ಅದೇ.

ನಂಬಿಕೆ ಬರದಿದ್ದರೆ ಒಂದು ಕೆಲಸ ಮಾಡಿ. ‘ನನ್ನ ಸ್ನೇಹಿತ ಮ್ಯೂನಿಕ್‌ನಲ್ಲೇ ಇದ್ದಾನೆ, ಶನಿವಾರ ಬಂದು ಮನೆ ನೋಡುತ್ತಾನೆ’ ಅಂತ ಬರೆಯಿರಿ. ಏನು ಉತ್ತರ ಬಂತು ಅಂತ ಇಲ್ಲಿ ಹೇಳಿ.

ಹಾಸನದಿಂದ: ಆದರೆ ಮೇಡಂ, ಪಾಸ್‌ಪೋರ್ಟ್ ಅಸಲಿ ಥರಾನೇ ಇದೆ.

ಉತ್ತರ: ಅಸಲಿಯೇ ಇರಬಹುದು. ನಿಮ್ಮ ಹಾಗೇ ಮನೆ ಕೇಳಿಕೊಂಡು ಹೋದ ಇನ್ಯಾರದೋ ಪಾಸ್‌ಪೋರ್ಟ್ ಅದು. ನಿಮ್ಮದನ್ನು ಕಳಿಸಿದರೆ ನಾಳೆ ಇನ್ನೊಬ್ಬರಿಗೆ ನಿಮ್ಮದು ಹೋಗುತ್ತದೆ. ಮನೆ ನೋಡುವ ಮೊದಲು ಪಾಸ್‌ಪೋರ್ಟ್ ಕಾಪಿ ಯಾರಿಗೂ ಬೇಕಾಗಿಲ್ಲ, ನಮ್ಮ ಆಫೀಸಿಗೂ ಬೇಡ.

ನನ್ನ ಸಲಹೆ ಇಷ್ಟು. ಮೊದಲ ಎರಡು ಮೂರು ತಿಂಗಳಿಗೆ ಸಾಮಾನು ಇರುವ ತಾತ್ಕಾಲಿಕ ರೂಮು ಹಿಡಿಯಿರಿ. ದುಬಾರಿಯೇ, ಹೊಟ್ಟೆ ಉರಿಯುತ್ತದೆ. ಆದರೂ ನೆಲದ ಮೇಲೆ ನಿಂತು ಹುಡುಕುವುದೇ ಬೇರೆ. ಬುಕ್ ಮಾಡುವ ಮೊದಲು ಒಂದೇ ಪ್ರಶ್ನೆ ಕೇಳಿ: ಇಲ್ಲಿ ಆನ್‌ಮೆಲ್ಡುಂಗ್ ಮಾಡಿಸಬಹುದಾ? ‘ಇಲ್ಲ’ ಅಂದರೆ ಬೇರೆ ನೋಡಿ.

ಹುಬ್ಬಳ್ಳಿಯಿಂದ (ಬರ್ಲಿನ್‌ನಲ್ಲಿ ಮೂರು ವಾರ): ಅಕ್ಕಾರ, ಈ ಆನ್‌ಮೆಲ್ಡುಂಗ್ ಅಂದ್ರ ಏನ್ರೀ ಅಷ್ಟು ದೊಡ್ಡದು? ಇಲ್ಲಿ ಎಲ್ಲರೂ ಅದನ್ನೇ ಕೇಳ್ತಾರ.

ಉತ್ತರ: ‘ನಾನು ಈ ವಿಳಾಸದಲ್ಲಿ ವಾಸ ಇದ್ದೇನೆ’ ಅಂತ ಊರಿನ ಕಚೇರಿಯಲ್ಲಿ ಬರೆಸುವುದು. ಮನೆ ಸೇರಿದ ಎರಡು ವಾರದೊಳಗೆ ಮಾಡಿಸಬೇಕು ಅಂತ ಕಾನೂನು. ನಿಮಗೆ ಆಗಲೇ ಮೂರು ವಾರ ಆಗಿದೆ, ನಾಳೆಯೇ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಿ. ಬರ್ಲಿನ್‌ನಲ್ಲಿ ಅದು ಸಿಗುವುದೇ ಕಷ್ಟ. ಬೆಳಿಗ್ಗೆ ಬೇಗ ಎದ್ದು ಕಚೇರಿಯ ಪುಟ ನೋಡಿ, ಬೇರೆಯವರು ರದ್ದು ಮಾಡಿದ ಸ್ಲಾಟ್‌ಗಳು ಆಗ ಕಾಣುತ್ತವೆ.

ದೊಡ್ಡದು ಯಾಕೆ ಅಂದರೆ ಉಳಿದದ್ದೆಲ್ಲ ಅದಕ್ಕೇ ಜೋತುಬಿದ್ದಿದೆ. ವಿಳಾಸ ಬರೆಸಿದ ಮೇಲೆ ತೆರಿಗೆ ನಂಬರು ಅಂಚೆಯಲ್ಲಿ ಅದೇ ವಿಳಾಸಕ್ಕೆ ಬರುತ್ತದೆ. ಅದು ಆಫೀಸಿಗೆ ತಲುಪುವುದು ತಡವಾದರೆ ಸಂಬಳದಲ್ಲಿ ತೆರಿಗೆ ಜಾಸ್ತಿ ಕಡಿತವಾಗಬಹುದು. ವೀಸಾ ಮುಂದುವರಿಸಲೂ ಆನ್‌ಮೆಲ್ಡುಂಗ್ ಕಾಗದ ಬೇಕು. ಅದನ್ನು ಮಾಡಿಸಲು ಮನೆ ಕೊಟ್ಟವರು ಒಂದು ಫಾರಂಗೆ ಸಹಿ ಹಾಕಬೇಕು. ಹೆಸರು ವೋನುಂಗ್ಸ್‌ಗೇಬರ್‌ಬೆಶ್ಟೇಟಿಗುಂಗ್. ಒಂದೇ ಉಸಿರಲ್ಲಿ ಹೇಳಲು ನನಗೆ ಒಂದು ವರ್ಷ ಹಿಡಿಯಿತು. ಸಹಿ ಹಾಕುವುದು ಅವರ ಕರ್ತವ್ಯ, ಉಪಕಾರ ಅಲ್ಲ.

ಇನ್ನೊಂದು: ಅಂಚೆ ಡಬ್ಬಿಯ ಮೇಲೆ ನಿಮ್ಮ ಹೆಸರು ಅಂಟಿಸಿ. ಇಲ್ಲಿ ವಿಳಾಸದಲ್ಲಿ ಸಾಮಾನ್ಯವಾಗಿ ಫ್ಲಾಟ್ ನಂಬರು ಇರುವುದಿಲ್ಲ. ಹೆಸರು ಕಾಣದಿದ್ದರೆ ಕಾಗದ ವಾಪಸ್ ಹೋಗುತ್ತದೆ.

ಮಂಗಳೂರಿನಿಂದ: ಜಾಹೀರಾತಿನಲ್ಲಿ ‘ಕಾಲ್ಟ್’ 900 ಅಂತ ಇದೆ. ಕಾಲ್ಟ್ ಅಂದರೆ ತಣ್ಣಗೆ ಅಂತ ಗೂಗಲ್ ಹೇಳುತ್ತದೆ. ಹೀಟರ್ ಇಲ್ಲದ ಮನೆಯಾ?

ಉತ್ತರ: ಹೀಟರ್ ಇದೆ, ಅದರ ದುಡ್ಡು ಸೇರಿಲ್ಲ ಅಷ್ಟೇ! ಕಾಲ್ಟ್‌ಮೀಟೆ ಅಂದರೆ ಬರೀ ಗೋಡೆಯ ಬಾಡಿಗೆ. ಅದರ ಮೇಲೆ ನೇಬೆನ್‌ಕೋಸ್ಟೆನ್: ಹೀಟಿಂಗ್, ನೀರು, ಕಸ, ಮೆಟ್ಟಿಲು ಗುಡಿಸುವುದು, ಹೀಗೆ. ನಮ್ಮ ಮೇಂಟೆನೆನ್ಸ್ ಇದ್ದ ಹಾಗೆ. ಎರಡೂ ಸೇರಿದರೆ ವಾರ್ಮ್‌ಮೀಟೆ. 900 ಕಾಲ್ಟ್, 220 ನೇಬೆನ್‌ಕೋಸ್ಟೆನ್ ಅಂದರೆ ತಿಂಗಳಿಗೆ ಕಟ್ಟುವುದು 1,120. ಕರೆಂಟು, ಇಂಟರ್ನೆಟ್ ಸಾಮಾನ್ಯವಾಗಿ ಅದರ ಹೊರಗೆ. ಟಿವಿ ಇರಲಿ ಬಿಡಲಿ, ಪ್ರತಿ ಮನೆಗೂ ತಿಂಗಳಿಗೆ 18.36 ಯೂರೋ ಪ್ರಸಾರ ಶುಲ್ಕ ಬೇರೆ. ಆ ಕಾಗದ ಬಂದಾಗ ಮೋಸ ಅಂದುಕೊಂಡು ಬಿಸಾಡಬೇಡಿ, ಅದು ನಿಜವಾದದ್ದು.

ನೇಬೆನ್‌ಕೋಸ್ಟೆನ್ ಬರೀ ಅಂದಾಜು. ವರ್ಷಕ್ಕೊಮ್ಮೆ ಲೆಕ್ಕ ಬರುತ್ತದೆ. ಚಳಿಗಾಲದಲ್ಲಿ ಹೀಟರ್ ಐದಕ್ಕೆ ತಿರುಗಿಸಿ ಕಿಟಕಿ ಅರ್ಧ ತೆಗೆದಿಟ್ಟವರಿಗೆ ದೊಡ್ಡ ಬಿಲ್ಲು ನಾನೇ ಎಷ್ಟೋ ಸಲ ಕಳಿಸಿದ್ದೇನೆ. ಬಾಕಿ ಕೇಳಬೇಕಿದ್ದರೆ ಲೆಕ್ಕದ ವರ್ಷ ಮುಗಿದ 12 ತಿಂಗಳೊಳಗೆ ಮಾಲೀಕರು ಲೆಕ್ಕ ಕೊಡಬೇಕು. ತಡ ಮಾಡಿದರೆ ಸಾಮಾನ್ಯವಾಗಿ ಕೇಳುವ ಹಾಗಿಲ್ಲ.

‘ಎರಡು ತ್ಸಿಮ್ಮರ್’ ಅಂದರೆ ಎರಡು ಬೆಡ್‌ರೂಮ್ ಅಲ್ಲ. ಹಾಲ್ ಕೂಡ ಒಂದು ರೂಮಿನ ಲೆಕ್ಕ. ನಮ್ಮ ಒನ್ ಬಿಎಚ್‌ಕೆ ಅದು.

ಮಂಗಳೂರಿನಿಂದ: ಅಡ್ವಾನ್ಸ್ ಎಷ್ಟು ಕೇಳಬಹುದು?

ಉತ್ತರ: ಹೆಚ್ಚೆಂದರೆ ಮೂರು ತಿಂಗಳ ಕಾಲ್ಟ್‌ಮೀಟೆ. ನಿಮ್ಮ ಲೆಕ್ಕದಲ್ಲಿ 2,700. ಅದನ್ನೂ ಮೂರು ಕಂತಿನಲ್ಲಿ ಕಟ್ಟುವ ಹಕ್ಕು ಕಾನೂನಿನಲ್ಲೇ ಇದೆ, ಮೊದಲ ಕಂತು ಬಾಡಿಗೆ ಶುರುವಾದಾಗ. ಮಾಲೀಕರು ಆ ಹಣವನ್ನು ತಮ್ಮ ಹಣದ ಜೊತೆ ಬೆರೆಸುವ ಹಾಗಿಲ್ಲ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು, ಹೋಗುವಾಗ ಪೇಂಟಿಂಗ್ ಅಂತ ಒಂದು ತಿಂಗಳದ್ದು ಮುರಿಸಿಕೊಂಡು ಬಂದವಳು ನಾನು. ಇದನ್ನು ಮೊದಲು ಓದಿದಾಗ ಎರಡು ಸಲ ಓದಿದೆ.

ಬ್ರೋಕರ್‌ಗೆ ಯಾರು ಕೊಡಬೇಕು ಅಂತ ಇನ್ನೊಬ್ಬರು ಮೆಸೇಜ್ ಹಾಕಿದ್ದಾರೆ. 2015ರ ಜೂನ್‌ನಿಂದ, ಕರೆಸಿದವರೇ ಕೊಡಬೇಕು. ಮಾಲೀಕರು ಕರೆಸಿದ ಬ್ರೋಕರ್ ನಿಮ್ಮ ಹತ್ತಿರ ಕಮಿಷನ್ ಕೇಳುವ ಹಾಗಿಲ್ಲ.

ತುಮಕೂರಿನಿಂದ (ಸ್ಟುಟ್‌ಗಾರ್ಟ್): ಎಲ್ಲರೂ ಷೂಫಾ ಕೇಳುತ್ತಾರೆ. ಬಂದು ಒಂದು ತಿಂಗಳಾಯಿತು, ನನಗೆಲ್ಲಿಂದ ಬರಬೇಕು ಅದು? ಅರವತ್ತು ಮೇಲ್ ಹಾಕಿದ್ದೇನೆ. ಒಂದಕ್ಕೂ ಉತ್ತರ ಇಲ್ಲ.

ಉತ್ತರ: ಷೂಫಾ ಅಂದರೆ ಸಾಲ, ಬಿಲ್ಲು ಸರಿಯಾಗಿ ಕಟ್ಟಿದ್ದೀರಾ ಅನ್ನುವ ದಾಖಲೆ, ನಮ್ಮ ಸಿಬಿಲ್ ಥರ. ಹೊಸಬರಿಗೆ ಇರುವುದಿಲ್ಲ ಅಂತ ನಮಗೂ ಗೊತ್ತು. ಅದರ ಬದಲು ಕೆಲಸದ ಕರಾರು ಪತ್ರ ಇಡಿ, ಸಂಬಳದ ಚೀಟಿ ಒಂದಿದ್ದರೂ ಇಡಿ. ‘ಇವರು ನಮ್ಮಲ್ಲಿ ಇಂಥ ದಿನದಿಂದ ಕೆಲಸಕ್ಕಿದ್ದಾರೆ’ ಅಂತ ಎಚ್‌ಆರ್ ಹತ್ತಿರ ಒಂದು ಪುಟ ಬರೆಸಿಕೊಳ್ಳಿ.

ಈಗ ನಮ್ಮ ಕಡೆಯಿಂದ ನೋಡಿ. ಬೆಳಿಗ್ಗೆ ಒಂಬತ್ತಕ್ಕೆ ಜಾಹೀರಾತು ಹಾಕಿದರೆ ಊಟದ ಹೊತ್ತಿಗೆ ತೆಗೆದುಬಿಡುತ್ತೇನೆ. ಅಷ್ಟರಲ್ಲಿ ಬಾಕ್ಸ್ ತುಂಬಿರುತ್ತದೆ. ಒಂದೊಂದು ಮೇಲ್‌ಗೆ ಅರ್ಧ ನಿಮಿಷ ಕೊಟ್ಟರೆ ಹೆಚ್ಚು. ‘ಹಲೋ, ಈಸ್ ಇಟ್ ಅವೈಲಬಲ್?’ ಅನ್ನುವುದನ್ನು ನಾನು ತೆರೆಯುವುದೂ ಇಲ್ಲ. ನಮ್ಮವರದೇ ಹೆಸರು ಕಂಡಾಗ ಬೇಜಾರಾಗುತ್ತದೆ, ಆದರೆ ಏನು ಮಾಡಲಿ.

ನನಗೆ ಬೇಕಾದದ್ದು ಐದಾರು ಸಾಲು, ಜರ್ಮನ್‌ನಲ್ಲಿ. ಯಾರು, ಎಷ್ಟು ಜನ, ಏನು ಕೆಲಸ, ಕೈಗೆ ಬರುವ ಸಂಬಳ ಎಷ್ಟು, ಯಾವಾಗಿಂದ ಮನೆ ಬೇಕು, ಎಷ್ಟು ವರ್ಷ ಇರುವ ಯೋಚನೆ. ತಪ್ಪು ಜರ್ಮನ್ ಆದರೂ ಪರವಾಗಿಲ್ಲ. ಸಂಬಳ ಕಾಲ್ಟ್‌ಮೀಟೆಯ ಮೂರು ಪಟ್ಟು ಇದೆಯಾ ಅಂತ ಎಷ್ಟೋ ಮಾಲೀಕರು ನೋಡುತ್ತಾರೆ. ಕಾಗದಗಳೆಲ್ಲ ಒಂದೇ ಪಿಡಿಎಫ್‌ನಲ್ಲಿ ತಯಾರಿರಲಿ, ಆದರೆ ಮನೆ ನೋಡಿದ ಮೇಲೆ ಕೊಡಿ.

ಫ್ರಾಂಕ್‌ಫರ್ಟ್‌ನಿಂದ ಒಬ್ಬರು: ನನಗೆ ಮನೆ ಸಿಕ್ಕಿದ್ದು ಆಫೀಸಿನ ನೋಟಿಸ್ ಬೋರ್ಡ್‌ನಿಂದ. ಬಿಟ್ಟು ಹೋಗುತ್ತಿದ್ದ ಸಹೋದ್ಯೋಗಿಯೇ ಮಾಲೀಕರಿಗೆ ಹೇಳಿದ. ಮೇಲ್ ಹಾಕಿ ಹಾಕಿ ಸುಮ್ನೆ ಸುಸ್ತಾಗಿದ್ದೆ.

ಉತ್ತರ: ಹೌದು, ಬಾಯಿಮಾತಿಗೆ ಇಲ್ಲೂ ಬೆಲೆ ಇದೆ.

ಮೈಸೂರಿನಿಂದ: ಅಡುಗೆಮನೆ ಇಲ್ಲದ ಮನೆ ಇರುತ್ತದೆ ಅಂತಾರೆ, ನಿಜವಾ? ನನ್ನ ಹೆಂಡತಿ ನಂಬುತ್ತಿಲ್ಲ.

ಉತ್ತರ: ನಿಜ. ನನ್ನ ಮೊದಲ ಮನೆಯೇ ಅದು. ಕೀ ತಿರುಗಿಸಿ ಒಳಗೆ ಹೋದರೆ ಅಡುಗೆಮನೆಯಲ್ಲಿ ಗೋಡೆಯಿಂದ ಎರಡು ನೀರಿನ ಕೊಳವೆ, ಒಲೆಗೆ ಅಂತ ಒಂದು ದಪ್ಪ ವೈರು. ಅಷ್ಟೇ. ಸಿಂಕ್ ಕೂಡ ಇಲ್ಲ. ಹಾಲ್‌ನಲ್ಲಿ ಬಲ್ಬ್ ಇಲ್ಲ, ಛಾವಣಿಯಿಂದ ವೈರು ನೇತಾಡುತ್ತಿತ್ತು. ಹಿಂದಿನವರು ಬಿಚ್ಚಿಕೊಂಡು ಹೋಗಿದ್ದರು, ಅದು ಅವರದೇ ಸಾಮಾನು. ಅಡುಗೆಮನೆ ಬಂದು ಕೂಡುವವರೆಗೆ ಹನ್ನೊಂದು ದಿನ ಅವಲಕ್ಕಿ ಮೊಸರು ತಿಂದೆ. ಪಾತ್ರೆ ತೊಳೆದದ್ದು ಬಚ್ಚಲಲ್ಲಿ.

ಜಾಹೀರಾತಿನಲ್ಲಿ ‘ಐನ್‌ಬೌಕ್ಯೂಷೆ’ ಅಥವಾ ಚಿಕ್ಕದಾಗಿ ‘ಇಬಿಕೆ’ ಅಂತ ಇದ್ದರೆ ಅಡುಗೆಮನೆ ಇದೆ ಅಂತ ಅರ್ಥ. ಹಿಂದಿನ ಬಾಡಿಗೆದಾರರು ತಮ್ಮ ಅಡುಗೆಮನೆಯನ್ನು ನಿಮಗೆ ಮಾರಲೂಬಹುದು. ಚೌಕಾಸಿ ಮಾಡಿ, ಬಿಚ್ಚಿ ಸಾಗಿಸುವ ಕೆಲಸ ಅವರಿಗೂ ಬೇಕಿರುವುದಿಲ್ಲ.

ತುಮಕೂರಿನಿಂದ: ಕೀ ಕೊಡುವ ದಿನ ಏನು ನೋಡಬೇಕು?

ಉತ್ತರ: ಇದಕ್ಕೆ ಸ್ವಲ್ಪ ಹೆಚ್ಚು ಬರೆಯುತ್ತೇನೆ, ಯಾಕೆಂದರೆ ಇದರಲ್ಲಿ ನಾನೇ ಕೈ ಸುಟ್ಟುಕೊಂಡಿದ್ದೇನೆ. ಆ ಮೊದಲ ಮನೆಯಲ್ಲಿ ಒಪ್ಪಿಸುವ ಪಟ್ಟಿಗೆ, ಊಬರ್‌ಗಾಬೆಪ್ರೋಟೋಕೋಲ್‌ಗೆ, ಓದದೆ ಸಹಿ ಹಾಕಿದೆ. ಮಾಲೀಕರು ನಗುತ್ತಾ ಕಾಫಿ ಕೊಟ್ಟಿದ್ದರು. ಮೂರು ವರ್ಷದ ಮೇಲೆ ಬಿಡುವಾಗ ಕಿಟಕಿ ಹತ್ತಿರ ನೆಲದಲ್ಲಿ ಒಂದು ಸುಟ್ಟ ಕಲೆ ತೋರಿಸಿ 280 ಯೂರೋ ಹಿಡಿದರು. ಕಲೆ ನಾನು ಬರುವ ಮೊದಲೇ ಇತ್ತು. ಆದರೆ ಪಟ್ಟಿಯಲ್ಲಿ ಇರಲಿಲ್ಲ, ಕೆಳಗೆ ನನ್ನ ಸಹಿ ಇತ್ತು.

ಹಗಲು ಹೊತ್ತಿನಲ್ಲೇ ಹೋಗಿ. ಜರ್ಮನ್ ಬರುವ ಒಬ್ಬರನ್ನು ಕರೆದುಕೊಂಡು ಹೋಗಿ. ಕಿಟಕಿಗಳನ್ನೆಲ್ಲ ತೆಗೆದು ಮುಚ್ಚಿ. ನಲ್ಲಿ ಬಿಡಿ, ಫ್ಲಶ್ ಮಾಡಿ, ಹೀಟರ್ ಒಂದೊಂದನ್ನೂ ತಿರುಗಿಸಿ, ಬೇಸಿಗೆಯಾದರೂ ಸರಿ. ಬಚ್ಚಲಿನ ಮೂಲೆ, ಬೀರು ಇದ್ದ ಜಾಗದ ಹಿಂದಿನ ಗೋಡೆ, ಅಲ್ಲಿ ಬೂಸ್ಟು ಇದೆಯಾ ಮೂಗಿಟ್ಟು ನೋಡಿ. ಕಂಡದ್ದೆಲ್ಲ ಪಟ್ಟಿಯಲ್ಲಿ ಬರೆಸಿ, ಫೋಟೋ ತೆಗೆಯಿರಿ. ಕರೆಂಟು, ನೀರು, ಹೀಟಿಂಗ್ ಮೀಟರ್‌ಗಳ ಅಂಕಿ, ಕೀ ಎಷ್ಟು ಕೊಟ್ಟರು ಅನ್ನುವುದು, ಎಲ್ಲ ಬರಲಿ. ನಾವು ಕೈಗಡಿಯಾರ ನೋಡಿಕೊಳ್ಳುತ್ತಾ ನಿಂತಿರುತ್ತೇವೆ. ನಿಲ್ಲಲಿ ಬಿಡಿ.

ಹುಬ್ಬಳ್ಳಿಯಿಂದ: ಬಾಡಿಗೆ ಭಾಳ ಜಾಸ್ತಿ ಅನಿಸಿದ್ರ?

ಉತ್ತರ: ಮಾಲೀಕರ ಕಡೆ ಕೆಲಸ ಮಾಡುವವಳು ನಾನು, ಆದರೂ ಹೇಳುತ್ತೇನೆ. ಬರ್ಲಿನ್‌ನಂಥ ಊರುಗಳಲ್ಲಿ ಹೊಸ ಬಾಡಿಗೆ ಆ ಜಾಗದ ವಾಡಿಕೆ ಬಾಡಿಗೆಗಿಂತ ಶೇ. 10ಕ್ಕಿಂತ ಮೇಲೆ ಹೋಗಬಾರದು ಅಂತ ನಿಯಮ ಇದೆ, ಕೆಲವು ವಿನಾಯಿತಿ ಬಿಟ್ಟು. 2014ರ ಅಕ್ಟೋಬರ್ 1ರ ನಂತರ ಮೊದಲ ಸಲ ಬಾಡಿಗೆಗೆ ಬಂದ ಹೊಸ ಮನೆಗಳಿಗೆ ಅದು ಅನ್ವಯಿಸುವುದಿಲ್ಲ. ಸಹಿ ಹಾಕಿದ ಮೇಲೂ ತಕರಾರು ಎತ್ತಬಹುದು. ಬಾಡಿಗೆದಾರರ ಸಂಘಕ್ಕೆ ಸೇರಿಕೊಳ್ಳಿ, ಹೆಸರು ಮೀಟರ್‌ಫೆರೈನ್. ಮೀಟರ್ ಅಂದರೆ ಇಲ್ಲಿ ಬಾಡಿಗೆದಾರ, ಆಟೋದ್ದಲ್ಲ. ವರ್ಷಕ್ಕೊಂದು ಚಂದಾ ಕಟ್ಟಿದರೆ ಕರಾರು ಓದಿ ಹೇಳುತ್ತಾರೆ.

ಮೈಸೂರಿನಿಂದ: ಬಿಡಬೇಕಾದರೆ ಎಷ್ಟು ದಿನ ಮೊದಲು ಹೇಳಬೇಕು?

ಉತ್ತರ: ಸಾಮಾನ್ಯವಾಗಿ ಮೂರು ತಿಂಗಳು. ಕಾಗದದಲ್ಲಿ, ಕೈಯಾರೆ ಸಹಿ ಹಾಕಿ. ಮೇಲ್, ವಾಟ್ಸ್ಆ್ಯಪ್ ಲೆಕ್ಕಕ್ಕಿಲ್ಲ. ತಿಂಗಳ ಮೂರನೇ ಕೆಲಸದ ದಿನದೊಳಗೆ ನಮ್ಮ ಕೈ ಸೇರಿದರೆ ಆ ತಿಂಗಳೂ ಲೆಕ್ಕಕ್ಕೆ ಬರುತ್ತದೆ. ‘ಬದಲಿ ಮೂರು ಜನರನ್ನು ಕೊಟ್ಟರೆ ತಕ್ಷಣ ಬಿಡಬಹುದು’ ಅನ್ನುವುದು ಬರೀ ಗಾಳಿಮಾತು.

ಮೈಸೂರಿನಿಂದ: ಕೊನೆಯದು, ಮೇಡಂ. ಒಗ್ಗರಣೆ, ಗ್ರೈಂಡರ್?

ಉತ್ತರ: ಒಗ್ಗರಣೆ ಹಾಕಿ, ಕಿಟಕಿ ಪೂರ್ತಿ ತೆಗೆಯಿರಿ. ಪ್ಯಾಸೇಜಿನ ಹೊಗೆ ಅಲಾರಂ ಒಮ್ಮೆ ಕೂಗಿದರೆ ಇಡೀ ಮಹಡಿಗೆ ನಿಮ್ಮ ಪರಿಚಯವಾಗುತ್ತದೆ. ದಿನಕ್ಕೆ ಎರಡು ಮೂರು ಸಲ, ಐದು ಹತ್ತು ನಿಮಿಷ, ಚಳಿಗಾಲದಲ್ಲೂ ಗಾಳಿ ಬಿಡಿ, ಇಲ್ಲದಿದ್ದರೆ ಗೋಡೆಗೆ ಬೂಸ್ಟು. ಗ್ರೈಂಡರನ್ನು ಶನಿವಾರ ಹಗಲು ಮುಗಿಸಿ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಮತ್ತು ಭಾನುವಾರ ಇಡೀ ದಿನ ಸದ್ದು ಮಾಡುವ ಹಾಗಿಲ್ಲ. ನಮ್ಮ ಸ್ಟುಟ್‌ಗಾರ್ಟ್ ಕಡೆ ಕೆಲವು ಮನೆಗಳಲ್ಲಿ ‘ಕೇರ್‌ವೋಖೆ’ ಅಂತ ಇನ್ನೊಂದಿದೆ. ಬಾಗಿಲಿಗೆ ಒಂದು ಬಿಲ್ಲೆ ನೇತುಹಾಕಿದರೆ ಆ ವಾರ ಮೆಟ್ಟಿಲು ಗುಡಿಸುವ ಸರದಿ ನಿಮ್ಮದು. ತಪ್ಪಿಸಿದರೆ ಎದುರು ಮನೆ ಅಜ್ಜಿಗೆ ಗೊತ್ತಾಗುತ್ತದೆ.

ಕಸ ಹಾಕಲು ಹೋಗುವಾಗಲೂ ಕೀ ಜೇಬಿನಲ್ಲಿರಲಿ. ಬಾಗಿಲಿಗೆ ಹೊರಗಡೆ ಹಿಡಿ ತಿರುಗುವುದಿಲ್ಲ, ಗಾಳಿಗೆ ಮುಚ್ಚಿಕೊಂಡರೆ ಮುಗಿಯಿತು. ಕೀ ಕಳೆದರೆ ಇನ್ನೂ ಕಷ್ಟ, ಇಡೀ ಕಟ್ಟಡದ ಬೀಗ ಬದಲಿಸುವ ಖರ್ಚು ನಿಮ್ಮ ತಲೆಗೆ ಬರಬಹುದು. ಹಾಫ್ಟ್‌ಫ್ಲಿಷ್ಟ್ ವಿಮೆ, ಅಂದರೆ ನಿಮ್ಮಿಂದ ಬೇರೆಯವರಿಗಾದ ನಷ್ಟ ತುಂಬಿಕೊಡುವ ವಿಮೆ, ಮಾಡಿಸುವಾಗ ಕೀ ಕಳೆದುಹೋಗುವುದೂ ಸೇರಿದೆಯಾ ಅಂತ ಕೇಳಿ.

ಹಾಸನದಿಂದ: ಮೇಡಂ, ನೀವು ಹೇಳಿದ ಹಾಗೆ ಬರೆದೆ, ಸ್ನೇಹಿತ ಶನಿವಾರ ಬರ್ತಾನೆ ಅಂತ. ‘ಬೇರೆ ತುಂಬಾ ಜನ ಕಾಯ್ತಿದ್ದಾರೆ, ಇವತ್ತೇ ಹಣ ಹಾಕಿ’ ಅಂತ ಬಂತು. ವಿಡಿಯೋ ಕಾಲ್ ಕೇಳಿದೆ. ಬ್ಲಾಕ್ ಮಾಡಿಬಿಟ್ಟರು. ಬಚಾವಾದೆ. ಎರಡು ತಿಂಗಳಿಗೆ ಬೇರೆ ರೂಮ್ ನೋಡಿದ್ದೇನೆ, ಆಫೀಸಿನವರೇ ತೋರಿಸಿದ್ದು, ಆನ್‌ಮೆಲ್ಡುಂಗ್ ಆಗುತ್ತಂತೆ. ಕುಕ್ಕರ್ ತರಲಾ?

ಉತ್ತರ: ತನ್ನಿ, ಇಂಡಕ್ಷನ್ ತಳದ್ದು. ಎರಡು ಕಿಲೋ ಅವಲಕ್ಕಿನೂ ಇರಲಿ.